ಒಂಬತ್ತನೇ ದಿನವೂ ಟಿಕ್ ಎನ್ನುವ ವಾಚು

ನಮಸ್ಕಾರ.

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಬೆಂಗಳೂರಿನ ಮತ್ತಿಕೆರೆಯ ಬಾಡಿಗೆ ಮನೆ, ಹುಟ್ಟಿ ಇನ್ನೂ ತಿಂಗಳಾಗದ ಕೂಸು, ನಿದ್ದೆಗೆಟ್ಟ ಹೊಸ ಅಪ್ಪ. ಜಾಲಹಳ್ಳಿಯ ವಾಚು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ತಂದೆ ನಾಮಕರಣದ ದಿನ ಕೊಟ್ಟ ಎಚ್‌ಎಂಟಿ ಜನತಾ ವಾಚನ್ನು ಅವನು ಎಲ್ಲೋ ಇಟ್ಟು ಮರೆಯುತ್ತಾನೆ. ಒಂಬತ್ತನೇ ರಾತ್ರಿ ಬೀರುವಿನ ಮೇಲಿನ ಉಡುಗೊರೆ ಚೀಲದಿಂದ ಟಿಕ್ ಟಿಕ್ ಕೇಳಿಸುತ್ತದೆ. ಎಲ್ಲರೂ ಅಳುತ್ತಾರೆ.

ಹೀಗೇ ಪ್ರಕಟಿಸಲು ಆಗುವುದಿಲ್ಲ.

ಮೊದಲು ಆ ಟಿಕ್ ಟಿಕ್. ಜನತಾ ಅಂದರೆ ಕೀ ಕೊಡುವ ವಾಚು ಸ್ವಾಮಿ. ಒಮ್ಮೆ ಕೀ ಕೊಟ್ಟರೆ ಎರಡು ದಿನ ಓಡಿದರೆ ಹೆಚ್ಚು. ಒಂಬತ್ತು ದಿನ ಚೀಲದಲ್ಲಿ ಬಿದ್ದದ್ದು ಸದ್ದು ಮಾಡುವುದಿಲ್ಲ. ನಮ್ಮ ಓದುಗರಲ್ಲಿ ಆ ವಾಚು ಕಟ್ಟಿದವರೂ ಇದ್ದಾರೆ, ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದವರೂ ಇದ್ದಾರೆ. ಸೋಮವಾರ ಬೆಳಿಗ್ಗೆಯೇ ನನಗೆ ಫೋನ್ ಬರುತ್ತದೆ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಕಾರ್ಖಾನೆ ಶುರುವಾದದ್ದನ್ನು ಒಂದಿಡೀ ಪ್ಯಾರಾ ಬರೆದಿದ್ದೀರಿ. ಮಾಹಿತಿ ಸರಿ, ಕಥೆಗೆ ಬೇಕಿಲ್ಲ. ಅದರ ಬದಲು ಮುದುಕರು ದಿನಾ ಕಾಫಿಗೆ ಮುಂಚೆ ಹೆಬ್ಬೆರಳು, ತೋರುಬೆರಳಲ್ಲಿ ಕೀ ತಿರುಗಿಸುತ್ತಾ ಅದು ಬಿಗಿಯಾದೊಡನೆ ನಿಲ್ಲಿಸುವುದನ್ನು ತೋರಿಸಿ. ಆಮೇಲೆ ಮಗನಿಗೆ ಸಿಗುವ ವಾಚು ನಾಲ್ಕೂ ಕಾಲಿಗೋ ಎಂಟೂವರೆಗೋ ನಿಂತಿರಲಿ.

ನಿದ್ದೆ ಕೆಟ್ಟರೆ ಮರೆವು ಏಕೆ ಬರುತ್ತದೆ ಎಂಬ ಅರ್ಧ ಪುಟವನ್ನೂ ತೆಗೆಯಿರಿ. ನಿಮ್ಮದೇ ಮೂರನೇ ಪುಟ ನೋಡಿ: ರಾತ್ರಿ ಮೂರಕ್ಕೆ ಅವನು ಮಗುವಿಗೆ ಹಾಲು ಕುಡಿಸುವ ಒಳಲೆ ತೊಳೆಯುತ್ತಾನೆ, ಬೋರಲು ಹಾಕುತ್ತಾನೆ, ತೊಳೆದೆನೋ ಇಲ್ಲವೋ ಎಂದು ಮತ್ತೆ ಎತ್ತಿಕೊಂಡು ತೊಳೆಯುತ್ತಾನೆ, ಒದ್ದೆಯನ್ನು ಮುಟ್ಟಿಯೂ ನಂಬುವುದಿಲ್ಲ. ಇದನ್ನು ಓದಿ ನಾನು ಪೆನ್ನು ಕೆಳಗಿಟ್ಟೆ. ಇಷ್ಟು ಬರೆಯಬಲ್ಲವರಿಗೆ ವೈದ್ಯಕೀಯ ವಿವರಣೆಯ ಊರುಗೋಲು ಯಾಕೆ?

ಸಂಭಾಷಣೆ. ‘ನನ್ನ ಕೈಗಡಿಯಾರವನ್ನು ನೀನು ಕಂಡೆಯಾ?’ ಮತ್ತಿಕೆರೆಯಲ್ಲಿ ಯಾವ ಗಂಡ ಹೆಂಡತಿಯನ್ನು ಹೀಗೆ ಕೇಳುತ್ತಾನೆ? ‘ಲೇ, ವಾಚ್ ನೋಡಿದ್ಯಾ?’ ಸಾಕು. ಬಾಣಂತನ ತವರಲ್ಲಿ ಯಾಕಾಗಲಿಲ್ಲ ಎಂದೂ ಓದುಗರು ಕೇಳಿಯೇ ಕೇಳುತ್ತಾರೆ. ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ.

ಇವೆಲ್ಲ ಒಂದು ಸಂಜೆಯ ತಿದ್ದುಪಡಿ. ನನ್ನ ನಿಜವಾದ ತಕರಾರು ಐದನೇ ಪುಟದ್ದು. ಮಗುವಿಗೆ ಎಣ್ಣೆ ಹಚ್ಚಿ ಎರೆಯಲು ದಿನಾ ಬರುವ ಹೆಂಗಸಿನ ಮೇಲೆ ಅವನಿಗೆ ಅನುಮಾನ ಬರುತ್ತದೆ. ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಆಕೆ ಸಾಂಬ್ರಾಣಿ ಹೊಗೆ ಹಾಕುವಾಗ ಬಾಗಿಲಲ್ಲಿ ನಿಂತು ಕೈಯನ್ನೇ ನೋಡುತ್ತಾನೆ. ಆಕೆಗೆ ಅರ್ಥವಾಗುತ್ತದೆ. ಮರುದಿನದಿಂದ ಹೊರಡುವ ಮುಂಚೆ ಸೆರಗು ಕೊಡವಿ, ತನ್ನ ಚೀಲ ಬಿಚ್ಚಿ ತೋರಿಸಿ ಹೋಗುತ್ತಾಳೆ. ನಾಲ್ಕೇ ಸಾಲು, ಹೊಟ್ಟೆಯಲ್ಲಿ ಕಲಸಿದಂತಾಯಿತು. ಆಮೇಲೆ ಆಕೆ ಕಥೆಯಲ್ಲಿ ಇಲ್ಲವೇ ಇಲ್ಲ! ವಾಚು ಸಿಕ್ಕ ಮಾರನೇ ಬೆಳಿಗ್ಗೆಯೂ ಆಕೆ ಎರೆಯಲು ಬಂದಿರಬೇಕಲ್ಲ? ಆಗ ವಾಚು ಅವನ ಕೈಯಲ್ಲಿತ್ತೋ, ಜೇಬಿನಲ್ಲಿತ್ತೋ? ಆಕೆ ಅವತ್ತೂ ಚೀಲ ಬಿಚ್ಚಿದಳೋ? ನೀವು ಅತ್ತೆ, ಸೊಸೆ, ಅಜ್ಜ ಎಲ್ಲರನ್ನೂ ಅಳಿಸಿ ಕಥೆ ಮುಗಿಸಿದಿರಿ. ನಾನು ಮಾತ್ರ ಆ ಬಚ್ಚಲುಮನೆಯ ಬಾಗಿಲಲ್ಲೇ ನಿಂತಿದ್ದೆ.

ಆ ಬೆಳಗನ್ನು ಬರೆದು ಕಳಿಸಿ, ಖಂಡಿತ ಓದುತ್ತೇನೆ. ಕಥೆ ಉದ್ದವಾದೀತು ಅನ್ನಬೇಡಿ. ನಾಮಕರಣಕ್ಕೇ ಎರಡು ಪುಟ ಕೊಟ್ಟಿದ್ದೀರಿ, ಅದರಲ್ಲಿ ಒಂದನ್ನು ಕಡಿಯಿರಿ. ಮತ್ತೆ, ಆ ಹೆಂಗಸಿಗೂ ಒಂದು ಹೆಸರಿಡಿ.

ಇಂತಿ,
ಸಂಪಾದಕ