ನಂಬರ್ ಒನ್ ಜಿಲ್ಲೆಯಲ್ಲಿ ಓದು ಬಿಡುವವರು ಯಾರು?

ನೀವು ಮೊದಲು ಕೇಳಿದ್ದು ಇಷ್ಟು: "ಮಂಗಳೂರು, ಉಡುಪಿ ಯಾವಾಗಲೂ ರಿಸಲ್ಟಲ್ಲಿ ಮೇಲೆ ಇರುತ್ತೆ. ಅಲ್ಲೂ ಹತ್ತನೇ ಕ್ಲಾಸಿಗೆ ಓದು ಬಿಡೋ ಮಕ್ಕಳಿದ್ದಾರಾ?"

ಇದ್ದಾರೆ ಮಾರಾಯ್ರೆ. ಪೇಪರಿನ ಮೊದಲ ಪುಟದಲ್ಲಿ ಕಾಣುವುದಿಲ್ಲ, ಅಷ್ಟೆ.

ರ‍್ಯಾಂಕಿನ ಕತೆ ಮೊದಲು ಮುಗಿಸಿಬಿಡುತ್ತೇನೆ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಅದು ಉಲ್ಟಾ ಆಯಿತು. ಪಿಯುಸಿಯಲ್ಲೂ ಈ ಎರಡು ಜಿಲ್ಲೆಗಳದ್ದೇ ಪೈಪೋಟಿ. ನಡುವೆ 2023ರಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ಉಡುಪಿ 18ಕ್ಕೆ, ದಕ್ಷಿಣ ಕನ್ನಡ 19ಕ್ಕೆ ಇಳಿದಿತ್ತು. ಆಗ ಇಲ್ಲಿನವರ ಮುಖ ನೋಡಬೇಕಿತ್ತು ನೀವು. ಹೋಟೆಲಲ್ಲಿ ಚಾ ಕುಡಿಯುವವರೂ ಅದೇ ಮಾತು. 2025ರಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಫಲಿತಾಂಶ ನೂರಕ್ಕೆ 91 ಚಿಲ್ಲರೆ. ಚೆನ್ನಾಗಿಯೇ ಉಂಟು. ಆದರೆ ಉಳಿದ ಒಂಬತ್ತು ಮಂದಿ ಯಾರು ಅಂತ ಕೇಳುವವರು ಕಡಿಮೆ. ಪಾಸಾದ 91ರಲ್ಲಿ ಜೂನ್ ತಿಂಗಳಲ್ಲಿ ಕಾಲೇಜಿನ ಗೇಟು ದಾಟಿದವರು ಎಷ್ಟು ಅಂತ ಕೇಳುವವರು ಇನ್ನೂ ಕಡಿಮೆ.

ನಾನಿರುವುದು ತಲಪಾಡಿ ಕಡೆ. ಟೋಲ್‌ಗೇಟ್ ದಾಟಿದರೆ ಕೇರಳ. ನಮ್ಮ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳು ಒಂದಷ್ಟು ಜನ ಸೇರಿ, ರಿಸಲ್ಟ್ ಬಂದ ಮೇಲೆ ಮಕ್ಕಳ ಜೊತೆ ಓಡಾಡುವ ಕೆಲಸ ಮಾಡುತ್ತೇವೆ. ಸಂಘಕ್ಕೆ ಬೋರ್ಡು ಇಲ್ಲ, ಬ್ಯಾಂಕ್ ಖಾತೆಯೂ ಇಲ್ಲ. ಹಾಗಾಗಿ ನಾನು ಹೇಳುವುದು ಈ ಓಡಾಟದಲ್ಲಿ ಕಂಡದ್ದು.

ಪಾಸು ಮಾಡಿಸುವುದರಲ್ಲಿ ನಮ್ಮ ಟೀಚರುಗಳು ಗಟ್ಟಿಗರು. ಜನವರಿ ಬಂದರೆ ಸರಕಾರಿ ಶಾಲೆಗಳಲ್ಲಿ ಸಂಜೆ ಕ್ಲಾಸು ಶುರು. ಓದಿನಲ್ಲಿ ಹಿಂದಿರುವ ಮಕ್ಕಳನ್ನು ಒಬ್ಬೊಬ್ಬ ಟೀಚರು ಇಷ್ಟಿಷ್ಟು ಅಂತ ದತ್ತು ತೆಗೆದುಕೊಳ್ಳುತ್ತಾರೆ. ಬೆಳಗ್ಗೆ ಐದಕ್ಕೆ ಫೋನ್ ಮಾಡಿ "ಎದ್ದಿಯಾ? ಲೈಟ್ ಹಾಕಿದ್ದೀಯಾ?" ಅಂತ ಕೇಳುವವರಿದ್ದಾರೆ. ಪಾಸಿಂಗ್ ಪ್ಯಾಕೇಜ್ ಅಂತ ಒಂದು ಉಂಟು. ಗಣಿತದಲ್ಲಿ ಯಾವ ಪಾಠ ಬಿಟ್ಟರೂ ಪರವಾಗಿಲ್ಲ, ಯಾವುದನ್ನು ಬಿಡಲೇಬಾರದು ಅಂತ ತೆಗೆದಿಟ್ಟ ಪ್ರಶ್ನೆಗಳು. ಇದನ್ನು ನೋಡಿ ನಗುವವರಿದ್ದಾರೆ. ನಾನು ನಗುವುದಿಲ್ಲ. ನಕ್ಷೆ ಬಿಡಿಸಿ, ಪ್ರಮೇಯ ಒಂದು ಬಾಯಿಪಾಠ ಮಾಡಿ ದಡ ಸೇರಿದ ಹುಡುಗ ಆಮೇಲೆ ಐಟಿಐಯಲ್ಲಿ ಮೋಟಾರು ಬಿಚ್ಚಿ ಕಟ್ಟುವುದನ್ನು ನೋಡಿದ್ದೇನೆ.

ಸಿಟ್ಟು ಬರುವುದು ಇನ್ನೊಂದು ಬಗೆಯ ನೂರಕ್ಕೆ ನೂರನ್ನು ಕಂಡಾಗ. ಒಂದು ಶಾಲೆಯಲ್ಲಿ ಒಂಬತ್ತನೇ ಕ್ಲಾಸಿನ ಕೊನೆಗೆ ನನ್ನ ಹತ್ತಿರದ ನೆಂಟರ ಹುಡುಗನ ಅಪ್ಪ ಅಮ್ಮನನ್ನು ಕರೆಸಿ, "ಇವನಿಗೆ ಇಲ್ಲಿ ಕಷ್ಟ, ಟಿಸಿ ತಗೊಂಡು ಬೇರೆ ಕಡೆ ಹಾಕಿ" ಅಂದರು. ಅವನು ಅಲ್ಲಿ ಫೇಲಾಗಿರಲಿಲ್ಲ. ಮುಂದಿನ ವರ್ಷ ಫೇಲಾಗಬಹುದು ಅನ್ನುವ ಭಯ ಅವರಿಗೆ. ಹದಿನಾಲ್ಕು ವಯಸ್ಸಿನಲ್ಲಿ ಬ್ಯಾಗು ಹಿಡಿದು ಹೊಸ ಶಾಲೆ ಹುಡುಕುವ ಹುಡುಗ ಎಷ್ಟು ದಿನ ಹುಡುಕುತ್ತಾನೆ ಹೇಳಿ? ಶಾಲೆಯ ಬ್ಯಾನರಿನಲ್ಲಿ ಮಾತ್ರ ಶೇಕಡಾ 100.

ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದು ಒಳ್ಳೆಯದೇ. 2024ರಲ್ಲಿ ಸಪ್ಲಿಮೆಂಟರಿ ಹೋಗಿ ಪರೀಕ್ಷೆ ಒಂದು, ಎರಡು, ಮೂರು ಅಂತ ಬಂತು. ಫೇಲ್ ಅನ್ನುವ ಮಾತಿನ ಭಾರ ಸ್ವಲ್ಪ ಕಡಿಮೆಯಾಗಿದೆ. ಆದರೆ ಕೊನೆಯ ಪರೀಕ್ಷೆಯಲ್ಲಿ ಪಾಸಾಗಿ ಬರುವ ಹೊತ್ತಿಗೆ ಪಿಯು ಕ್ಲಾಸು ಶುರುವಾಗಿರುತ್ತೆ, ಹತ್ತಿರದ ಕಾಲೇಜಿನಲ್ಲಿ ಬೇಕಾದ ಸೀಟು ಮುಗಿದಿರುತ್ತೆ. ಮಗು ಕೈ ತಪ್ಪುವುದು ಪರೀಕ್ಷೆಯ ಹಾಲಿನಲ್ಲಿ ಅಲ್ಲ. ಮೇ ತಿಂಗಳ ರಿಸಲ್ಟಿಗೂ ಜುಲೈ ಕೊನೆಗೂ ನಡುವೆ. ನಮ್ಮ ಕರಾವಳಿಯಲ್ಲಿ ಈ ಎರಡು ಮೂರು ತಿಂಗಳಷ್ಟು ಕೆಟ್ಟ ಸಮಯ ಬೇರೆ ಇಲ್ಲ.

ಯಾಕೆ ಅಂತೀರಾ? ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಹಾಕುವ ಕಾಲ ಅಂತ 61 ದಿನ ಬೋಟುಗಳು ದಡದಲ್ಲೇ. ಮಂಗಳೂರಿನ ಮೀನಿನ ದಕ್ಕೆಯಲ್ಲಿ (ಬಂದರಿನಲ್ಲಿ), ಮಲ್ಪೆಯಲ್ಲಿ ಬುಟ್ಟಿ ಹೊರುವವರಿಗೆ, ಐಸು ತುಂಬುವವರಿಗೆ, ಮೀನು ವಿಂಗಡಿಸುವ ಹೆಂಗಸರಿಗೆ ಕೆಲಸ ಇಲ್ಲ. ಜೋರು ಮಳೆಗೆ ಕಟ್ಟಡದ ಕೆಲಸವೂ ನಿಧಾನ. ಸರಿಯಾಗಿ ಅದೇ ಹೊತ್ತಿಗೆ ಕಾಲೇಜಿನ ಫೀಸು, ಯೂನಿಫಾರ್ಮು, ಪುಸ್ತಕ, ಕೊಡೆ, ಬಸ್ ಪಾಸು ಎಲ್ಲಾ ಒಟ್ಟಿಗೆ ಬರುತ್ತೆ. ಹೈಸ್ಕೂಲಿನ ತನಕ ಮಧ್ಯಾಹ್ನದ ಊಟ ಇತ್ತು. ಪಿಯುಸಿಗೆ ಹೋದರೆ ಅದೂ ಇಲ್ಲ. ಒಂದು ಹೊತ್ತಿನ ಊಟ ಏನು ದೊಡ್ಡ ವಿಷಯ ಅಂತ ಅನ್ನಿಸಬಹುದು. ಮೂರು ಮಕ್ಕಳಿರುವ ಮನೆಯಲ್ಲಿ ಕೇಳಿ ನೋಡಿ.

ಬೀಡಿ ಕಟ್ಟುವ ಮನೆಗಳ ಕತೆಯೂ ಹೆಚ್ಚು ಬೇರೆ ಅಲ್ಲ. ನಮ್ಮಲ್ಲಿ ಇವತ್ತು ಡಾಕ್ಟರು, ಲೆಕ್ಚರರು ಆಗಿರುವ ಎಷ್ಟೋ ಜನರ ಫೀಸು ಕಟ್ಟಿದ್ದು ಅಮ್ಮನ ಬೀಡಿ. ಈಗ ಬೀಡಿ ಕಂಪನಿಯ ಬ್ರಾಂಚಿನಿಂದ ಸಿಗುವ ಎಲೆ, ತಂಬಾಕು ಮೊದಲಿನಷ್ಟು ಇಲ್ಲ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ಸ್ಕಾಲರ್‌ಶಿಪ್ ಉಂಟು. ಅಮ್ಮನ ಹೆಸರಿನ ಬೀಡಿ ಕಾರ್ಡು ಬೇಕು. ಪಕ್ಕದ ಮನೆಯವರ ಕಾರ್ಡಿನಲ್ಲಿ ಬೀಡಿ ಕೊಟ್ಟು ಬರುವವರಿಗೆ ಅದೂ ಸಿಗುವುದಿಲ್ಲ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹೆಸರು ಬೇಡ. ಅಪ್ಪ ಅಮ್ಮ ಕೊಪ್ಪಳ ಕಡೆಯವರು. ಅಪ್ಪ ಸೆಂಟ್ರಿಂಗ್ ಕೆಲಸ, ಅಮ್ಮ ಮನೆಗೆಲಸ. ಮಗ ಇಲ್ಲೇ ಒಂದನೇ ಕ್ಲಾಸಿನಿಂದ ಓದಿದವನು. ಮನೆಯಲ್ಲಿ ಅವರ ಕನ್ನಡ, ಶಾಲೆಯಲ್ಲಿ ನಮ್ಮ ಕನ್ನಡ, ಆಟದ ಬಯಲಿನಲ್ಲಿ ತುಳು. ಶೇಕಡಾ 70ರ ಮೇಲೆ ತೆಗೆದಿದ್ದ. ಅಮ್ಮ ಬಂದು "ಯಣ್ಣಾ, ಹುಡುಗ ಶಾಣ್ಯಾ ಅದಾನ್ರಿ, ಆದ್ರ ಕಾಗದ ಒಂದೂ ಸರಿ ಇಲ್ಲಂತ" ಅಂದರು. ಕಾಗದ ನೋಡಿದೆವು. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಅಪ್ಪನ ಹೆಸರು ಪೂರ್ತಿ. ಆಧಾರಿನಲ್ಲಿ ಬರೀ ಒಂದು ಇನಿಶಿಯಲ್. ಸ್ಕಾಲರ್‌ಶಿಪ್ಪಿನ ಎಸ್‌ಎಸ್‌ಪಿ ಪೋರ್ಟಲ್ ಇದನ್ನು ಒಪ್ಪುವುದಿಲ್ಲ. ಜಾತಿ, ಆದಾಯ ಪತ್ರದ ಆರ್‌ಡಿ ನಂಬರ್ ಬೇಕು. ಅದನ್ನು ಕೊಡಬೇಕಾದ್ದು ಅವರ ಊರಿನ ನಾಡಕಚೇರಿ. ಅಲ್ಲಿಯ ವಿಎ, ಅಂದರೆ ಗ್ರಾಮ ಲೆಕ್ಕಿಗರು, ಮನೆ ನೋಡಬೇಕು ಅಂತಾರೆ, ಮನೆಯಲ್ಲಿ ಇರುವುದು ಅಜ್ಜಿ ಒಬ್ಬರೇ. ಬ್ಯಾಂಕಿನಲ್ಲಿ ಖಾತೆ ಇತ್ತು, ಆಧಾರ್ ಸೀಡಿಂಗ್ (ಜೋಡಣೆ) ಆಗಿದ್ದು ಬೇರೆ ಬ್ಯಾಂಕಿಗೆ. ಯಾವಾಗಲೋ ಯಾರೋ ಮಾಡಿಸಿದ್ದು. ದುಡ್ಡು ಬಂದರೂ ಅಲ್ಲಿಗೆ ಹೋಗುತ್ತೆ.

ಒಂದೊಂದೂ ಸಣ್ಣ ಕೆಲಸವೇ. ಆದರೆ ಒಂದಕ್ಕೂ ಫೋನಿನಲ್ಲಿ ಉತ್ತರ ಸಿಗುವುದಿಲ್ಲ, ಎಲ್ಲದಕ್ಕೂ ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ಕೂಲಿ ಬಿಟ್ಟು ಮೂರು ಸಲ ಹೋಗಿ "ನಾಳೆ ಬನ್ನಿ" ಅನ್ನಿಸಿಕೊಂಡ ಅಪ್ಪ ನಾಲ್ಕನೇ ಸಲ ಮಗನನ್ನೇ ಕೆಲಸಕ್ಕೆ ಕರೆದುಕೊಂಡು ಹೋಗುತ್ತಾನೆ. ಅವನನ್ನು ಬೈಯುವುದು ಸುಲಭ. ಈ ಹುಡುಗನ ಆಧಾರ್ ತಿದ್ದುಪಡಿಗೆ ನಮ್ಮಲ್ಲಿ ಒಬ್ಬರು ಹೋಗಿ ಬೆಳಗ್ಗೆ ಟೋಕನ್ನಿಗೆ ನಿಂತರು. ಊರಿನ ಪತ್ರಕ್ಕೆ ಅಪ್ಪನನ್ನೇ ಬಸ್ಸು ಹತ್ತಿಸಿದೆವು. ಈಗ ಅವನು ಡಿಪ್ಲೊಮಾ ಓದುತ್ತಿದ್ದಾನೆ.

ಡಿಪ್ಲೊಮಾ ಅಂದಾಗ ನೆನಪಾಯಿತು. ನಮ್ಮ ಕಡೆ ಒಂದು ದೊಡ್ಡ ಹುಚ್ಚು ಉಂಟು: ಮಾರ್ಕ್ಸ್ ಸ್ವಲ್ಪ ಜಾಸ್ತಿ ಬಂದರೆ ಸೈನ್ಸು. ತುಳು, ಬ್ಯಾರಿ, ಕೊಂಕಣಿ ಮಾತಾಡುವ ಮನೆಯಿಂದ ಬಂದು ಹತ್ತು ವರ್ಷ ಕನ್ನಡದಲ್ಲಿ ಓದಿದ ಹುಡುಗಿಯನ್ನು ಜೂನ್ ತಿಂಗಳಲ್ಲಿ ಇಂಗ್ಲಿಷ್ ಫಿಸಿಕ್ಸಿನ ಮುಂದೆ ಕೂರಿಸುತ್ತಾರೆ. ಪಕ್ಕದಲ್ಲಿ ಕೂತವರು ಎಂಟನೇ ಕ್ಲಾಸಿನಿಂದ ನೀಟ್ ಕೋಚಿಂಗಿಗೆ ಹೋದವರು. ಅರ್ಥವಾಗುವುದಿಲ್ಲ, ಕೇಳಲು ನಾಚಿಕೆ. ಆಗಸ್ಟಿನಲ್ಲಿ ಹೊಟ್ಟೆನೋವು, ಸೆಪ್ಟೆಂಬರಿನಲ್ಲಿ ತಲೆನೋವು, ದಸರಾ ರಜೆ ಮುಗಿದ ಮೇಲೆ ಕಾಲೇಜಿಗೇ ಬರುವುದಿಲ್ಲ. ಹೈಸ್ಕೂಲಿನಲ್ಲಿ ಕ್ಲಾಸಿಗೆ ಮೊದಲು ಬಂದವಳು ಇವಳೇ. ಹಾಗಾಗಿ ನಾವು ರಿಸಲ್ಟಿಗೆ ಮೊದಲೇ ಮನೆಗೆ ಹೋಗಿ ಮಾತಾಡುತ್ತೇವೆ. ಕಾಮರ್ಸು ಓದಿದರೆ ಬ್ಯಾಂಕು, ಲೆಕ್ಕಪತ್ರದ ಕೆಲಸ ಉಂಟು. ಕದ್ರಿಯಲ್ಲಿ ಕರ್ನಾಟಕ ಪಾಲಿಟೆಕ್ನಿಕ್, ನಾವು ಕೆಪಿಟಿ ಅನ್ನುವುದು, 1946ರಿಂದ ಉಂಟು. ಮೂರು ವರ್ಷದ ಡಿಪ್ಲೊಮಾ ಮುಗಿಸಿದರೆ ನೇರ ಎರಡನೇ ವರ್ಷದ ಬಿಇಗೆ ಹೋಗುವ ದಾರಿ ಉಂಟು. ಸೈನ್ಸೇ ಬೇಕು ಅಂತ ಹಟ ಇದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಇಂಗ್ಲಿಷ್ ಪದಗಳನ್ನು ಮೊದಲೇ ಪರಿಚಯ ಮಾಡಿಸುತ್ತೇವೆ. ಅಷ್ಟಕ್ಕೇ ಎಲ್ಲಾ ಸರಿಹೋಗುತ್ತೆ ಅಂತ ಹೇಳಲಾರೆ. ಮೊದಲ ವಾರದ ಹೆದರಿಕೆ ಕಡಿಮೆಯಾಗುತ್ತೆ.

ಬಸ್ಸಿನ ವಿಷಯ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಫ್ರೀ. ಮೈಸೂರು, ಹಾಸನದ ಕಡೆ ಹುಡುಗಿಯರಿಗೆ ಅದು ದೊಡ್ಡ ಉಪಕಾರ. ನಮ್ಮ ಎರಡು ಜಿಲ್ಲೆಗಳಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸು. ನಮ್ಮೂರಿನ ಒಳದಾರಿಗೆ ಸರಕಾರಿ ಬಸ್ಸೇ ಇಲ್ಲ ಅನ್ನಬಹುದು. ಕಾಸರಗೋಡಿನಿಂದ ಬರುವ ಕೇರಳದ ಬಸ್ಸಿನಲ್ಲಿ ಶಕ್ತಿ ನಡೆಯುವುದಿಲ್ಲ. ಸ್ಟೂಡೆಂಟ್ ಪಾಸು, ರಿಯಾಯಿತಿ ಎಲ್ಲಾ ಉಂಟು, ಆದರೂ ತಿಂಗಳಿಗೆ ದುಡ್ಡು ಬೇಕು. ಹರೇಕಳದ ಹಾಜಬ್ಬರ ಹೆಸರು ನೀವು ಕೇಳಿರುತ್ತೀರಿ. ಮಂಗಳೂರಿನಲ್ಲಿ ಕಿತ್ತಳೆ ಮಾರಿ ನ್ಯೂಪಡ್ಪಿನಲ್ಲಿ ಶಾಲೆ ಕಟ್ಟಿಸಿದವರು, ಪದ್ಮಶ್ರೀ ಬಂತು. ಶಾಲೆ ಹೈಸ್ಕೂಲಾದ ಮೇಲೆ ಅವರು ಸುಮ್ನೆ ಕೂರಲಿಲ್ಲ, ಊರಿಗೆ ಪಿಯು ಕಾಲೇಜು ಕೊಡಿ ಅಂತ ಕೇಳಿದರು. ಹತ್ತರ ನಂತರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಎಲ್ಲಿ ನಿಲ್ಲುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಕೊರಗರು ಇಲ್ಲಿನ ಆದಿವಾಸಿ ಸಮುದಾಯ; ಅವರ ಕಾಲೊನಿಗಳ ಮಕ್ಕಳದ್ದು ಬೇರೆಯೇ ಕಷ್ಟ. ಕಾಗದದಲ್ಲಿ ಅವರಿಗೆ ಆಶ್ರಮ ಶಾಲೆ, ಹಾಸ್ಟೆಲ್ಲು ಎಲ್ಲಾ ಉಂಟು. ಆದರೆ ಹತ್ತಿರದ ಹಾಸ್ಟೆಲ್ಲಿನಿಂದ ಪೇಟೆಯ ಕಾಲೇಜಿಗೆ ಹೋದ ಮೇಲೆ ಕ್ಲಾಸಿನಲ್ಲಿ ಜೊತೆಗೆ ಕೂರುವವರು ಯಾರು ಅನ್ನುವುದೇ ಪ್ರಶ್ನೆ. ಆ ಸಮುದಾಯದಿಂದಲೇ ಎಂಎ ಮಾಡಿ ಕಾಲೇಜಿನಲ್ಲಿ ಪಾಠ ಮಾಡುವವರು ಬಂದಿದ್ದಾರೆ. ಅಂಥವರು ಒಮ್ಮೆ ಕಾಲೊನಿಗೆ ಬಂದು ಮಾತಾಡಿದರೆ, ನಮ್ಮಂಥವರು ವರ್ಷವಿಡೀ ಹೋಗಿ ಹೇಳಿದ್ದಕ್ಕಿಂತ ಜಾಸ್ತಿ ಕೆಲಸ ಆಗುತ್ತೆ.

ಇನ್ನು ಗಡಿಯ ಆಚೆಯವರು. ಮಂಜೇಶ್ವರ, ಕುಂಬಳೆ ಕಡೆ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿದ್ದಾರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು, ಮನೆಯ ಕನ್ನಡ ಮತ್ತು ತುಳು ಎಲ್ಲಿಗೂ ಹೋಗಲಿಲ್ಲ. ಅವರಿಗೆ ಪೇಟೆ ಅಂದರೆ ಇವತ್ತಿಗೂ ಮಂಗಳೂರು. ಹತ್ತನ್ನು ಕೇರಳ ಬೋರ್ಡಿನಲ್ಲಿ ಮುಗಿಸಿ ಇಲ್ಲಿಗೆ ಪಿಯುಸಿಗೆ ಬಂದರೆ ಅರ್ಹತಾ ಪತ್ರ, ಮೈಗ್ರೇಶನ್ ಸರ್ಟಿಫಿಕೇಟ್ ಬೇಕು. ಸ್ಕಾಲರ್‌ಶಿಪ್ಪಿಗೆ ಹೋದರೆ "ನೀವು ಕೇರಳದವರು" ಅಂತಾರೆ. ಅಲ್ಲೇ ಪ್ಲಸ್ ಟು, ಅಂದರೆ ಅಲ್ಲಿನ ಪಿಯುಸಿ, ಓದೋಣ ಅಂದರೆ ಸುತ್ತಮುತ್ತ ಮಲಯಾಳ ಜಾಸ್ತಿ. ಮುಂದೆ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶ ಇಟ್ಟಿದ್ದಾರೆ, ಅಷ್ಟು ದೂರ ಬರುವ ಮೊದಲೇ ಎಷ್ಟೋ ಜನ ಅಂಗಡಿಗೆ ಸೇರಿರುತ್ತಾರೆ. 2020ರಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಒಂದು ಒಳ್ಳೆಯದು ನಡೆಯಿತು. ಆಚೆಯಿಂದ ಇಲ್ಲಿಯ ಶಾಲೆಗೆ ಬರುವ ಮಕ್ಕಳನ್ನು ಜೂನಿನ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಗಡಿಯಿಂದ ಬಸ್ಸಿನಲ್ಲಿ ಕರೆದುಕೊಂಡು ಹೋದರು. ಮನಸ್ಸು ಮಾಡಿದರೆ ಸರಕಾರಕ್ಕೂ ಆಗುತ್ತೆ, ಅಲ್ವಾ?

ಹುಡುಗರನ್ನು ಎಳೆಯುವ ಇನ್ನೊಂದು ಉಂಟು: ಕ್ಯಾಟರಿಂಗ್. ಮದುವೆ ಸೀಸನ್ನಿನಲ್ಲಿ ಬಡಿಸಲು ಹೋದರೆ ಊಟ, ಕೈಗೆ ಆವತ್ತೇ ದುಡ್ಡು. ನಾನು ಇದಕ್ಕೆ ವಿರೋಧಿ ಅಲ್ಲ. ಭಾನುವಾರ ಬಡಿಸಿ ತನ್ನ ಫೀಸು ತಾನೇ ಕಟ್ಟುವ ಹುಡುಗರಿದ್ದಾರೆ. ಹಿಂದೆ ನಮ್ಮ ಹುಡುಗರು ಬೊಂಬಾಯಿಗೆ ಹೋಗಿ ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡದ ನೈಟ್ ಸ್ಕೂಲಿನಲ್ಲಿ ಓದಿ ಮೇಲೆ ಬಂದವರೇ. ತೊಂದರೆ ಆಗುವುದು ಬುಧವಾರವೂ ಬಡಿಸಲು ಹೋದಾಗ. ಶೇಕಡಾ 75 ಹಾಜರಿ ತುಂಬುವುದಿಲ್ಲ, ಹಾಲ್ ಟಿಕೆಟ್ ಸಿಗುವುದಿಲ್ಲ. ನಾವು ಒಂದಿಬ್ಬರು ಕ್ಯಾಟರಿಂಗಿನವರ ಹತ್ತಿರವೇ ಮಾತಾಡಿದ್ದೇವೆ, ಕಾಲೇಜಿನ ದಿನ ಈ ಹುಡುಗರನ್ನು ಕರೆಯಬೇಡಿ ಅಂತ. ಒಬ್ಬರು ಒಪ್ಪಿದರು. ಇನ್ನೊಬ್ಬರು, "ನೀವು ಜನ ಕೊಡ್ತೀರಾ?" ಅಂದರು.

ನೀವು ಕೊನೆಗೆ ಕೇಳಿದ್ದು, ದೂರದಿಂದ ಎಂತ ಮಾಡಬಹುದು ಅಂತ. ನೋಟ್‌ಬುಕ್ ಕಳಿಸಬೇಡಿ. ಜೂನಿನಲ್ಲಿ ಎಲ್ಲಾ ಸಂಘದವರೂ ಅದನ್ನೇ ಹಂಚುತ್ತಾರೆ, ಫೋಟೊ ಚೆನ್ನಾಗಿ ಬರುತ್ತೆ. ಒಂದು ಮಗುವಿನ ಹತ್ತು ತಿಂಗಳ ಬಸ್ ಪಾಸು ವಹಿಸಿಕೊಳ್ಳಿ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಅನ್ನುವ ಸರಕಾರಿ ಯೋಜನೆಯಲ್ಲಿ ಹತ್ತು ತಿಂಗಳ ದುಡ್ಡು ಸಿಗುತ್ತೆ, ಆದರೆ ಬರುವುದು ತಡವಾಗಿ. ಅಲ್ಲಿಯ ತನಕ ಕೈಗಡ ಕೊಡುವವರು ಬೇಕು. ನಿಮ್ಮ ಕಡೆ ಎಂಟನೇ ಕ್ಲಾಸಿನ ಮಕ್ಕಳಿದ್ದರೆ ಎನ್‌ಎಂಎಂಎಸ್ ಅನ್ನುವ ಕೇಂದ್ರ ಸರಕಾರದ ಸ್ಕಾಲರ್‌ಶಿಪ್ ಪರೀಕ್ಷೆ ಬರೆಸಿ. ಅದರಲ್ಲಿ ಆಯ್ಕೆಯಾದ ಸರಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ. ಆ ದುಡ್ಡು ಇರುವ ಮನೆಯಲ್ಲಿ ಓದು ಬಿಡಿಸುವ ಮಾತು ಅಷ್ಟು ಬೇಗ ಏಳುವುದಿಲ್ಲ.

ಕೊಪ್ಪಳ, ಗದಗ, ಬಾಗಲಕೋಟೆ ಕಡೆ ನಿಮಗೆ ಪರಿಚಯದವರಿದ್ದರೆ ನಂಬರು ಕೊಡಿ. ನಾಡಕಚೇರಿಗೆ ಒಂದು ಸಲ ಹೋಗಿ ಬರುವಷ್ಟು ಬಿಡುವಿದ್ದರೆ ಸಾಕು. ಮೇ ತಿಂಗಳಲ್ಲಿ ರಿಸಲ್ಟ್ ಬಂದ ಕೂಡಲೇ ನಾವು ಫೋನ್ ಮಾಡುತ್ತೇವೆ.