ಹಿಂದಿನ ಸೀಟಿನ್ಯಾಗ ಕುಂತು ನೋಡ್ರಿ, ಆಮ್ಯಾಲ ಬುಕ್ ಮಾಡ್ರಿ

ಓದುಗರ ಪ್ರಶ್ನೆ, ಈ ವಾರದ ಉತ್ತರ

ಪ್ರಶ್ನೆ: ಅಣ್ಣಾರ ನಮಸ್ಕಾರ್ರಿ. ನಾವು ಗದಗ-ಬೆಟಗೇರಿಯವ್ರು, ನಮ್ಮನಿಯವ್ರದು ಎಪಿಎಂಸಿಯೊಳಗ ದಲಾಲಿ ಅಂಗಡಿ. 2019ರ ಎರ್ಟಿಗಾ ಪೆಟ್ರೋಲ್ ಗಾಡಿ ಐತ್ರಿ, 68 ಸಾವಿರ ಕಿಲೋಮೀಟರ್ ಓಡೇತಿ, ಇಲ್ಲಿತನಕ ದೊಡ್ಡ ಕೆಲಸ ಏನೂ ಬಂದಿಲ್ಲ. ಈಗ ನಮ್ಮನಿಯವ್ರು ಹೊಸಾ ಕಿಯಾ ಕ್ಯಾರೆನ್ಸ್ ಕ್ಲಾವಿಸ್ ನೋಡಿ ಬಂದಾರ. ಹಳೇದಕ್ಕ 6 ಲಕ್ಷ 20 ಸಾವಿರ ಎಕ್ಸ್‌ಚೇಂಜ್ ಅಂದಾರಂತ, ಹೊಸಾದು ಶೋರೂಮ್ ರೇಟ್ 15 ಲಕ್ಷ, ಆನ್‌ರೋಡ್ 18 ಲಕ್ಷ 40 ಸಾವಿರ, 10 ಲಕ್ಷ ಲೋನ್ ಮಾಡೂಣು ಅಂತಾರ. ಮನ್ಯಾಗ ಆರು ಮಂದಿ, ಅತ್ತಿ-ಮಾವ, ನಾವಿಬ್ರು, ಮಗಳು ಈಗ ಹತ್ತನೇತ್ತೆ, ಮಗ ಐದನೇತ್ತೆ. ಎಲ್ಲಾರೂ ಕೂಡಿ ಹೋಗೂದು ವರ್ಷಕ್ಕ ನಾಕೈದು ಸಲ. ಅತ್ತಿಗೆ ಮೊಣಕಾಲು ಬ್ಯಾನಿ, ಅವ್ರು ಮುಂದ. ಮಾವಗ ಕಾಲು ಚಾಚಾಕ ಬೇಕು ಅಂತ ಅವ್ರೂ ಮಗಳೂ ನಡುವ. ಕಟ್ಟಕಡೀ ಸೀಟು ಯಾವಾಗಲೂ ನಂದೂ ನನ್ನ ಮಗಂದೂ. ಗೋಕರ್ಣಕ್ಕ ಹೋಗೂ ಮುಂದ ಅರಬೈಲ್ ಘಾಟಿನ್ಯಾಗ ನನಗ ಎರಡು ಸಲ ವಾಂತಿ ಆಗೇತಿ, ಹೊಸಾ ಗಾಡಿಗೆ ಹಂಗ ಆಗಂಗಿಲ್ಲ ಅಂತಾರ. ಇ20 (ನೂರಕ್ಕ 20 ಎಥೆನಾಲ್ ಬೆರಸಿದ) ಪೆಟ್ರೋಲಿನಿಂದ ಹಳೇ ಗಾಡಿ ಕೆಡತೈತಿ ಅಂತ ಬ್ಯಾರೆ ಹೇಳ್ತಾರ. ಬದಲಿ ಮಾಡೂಣೋ ಬ್ಯಾಡೋ? ಹೆಸರು ಹಾಕಬ್ಯಾಡ್ರಿ.

ಉತ್ತರ: ಅಕ್ಕಾರ, ನಿಮ್ಮ ಪತ್ರ ಎರಡು ಸಲ ಓದಿದೆ. ಕಾರಿನ ಬಗ್ಗೆ ನನಗ ಬರೂ ಪತ್ರ ಬಹಳಷ್ಟು ಸ್ಟೇರಿಂಗ್ ಹಿಡಿಯವ್ರು ಬರದದ್ದ ಇರತಾವು, ಕಟ್ಟಕಡೀ ಸೀಟಿನ್ಯಾಗ ಕುಂಡ್ರೂವ್ರು ಬರದದ್ದು ಅಪರೂಪ, ಹಂಗಾಗಿ ಈ ಸಲ ಜಾಗಾ ಎಲ್ಲಾ ಇದಕ್ಕ ಕೊಡ್ತೀನಿ.

ಮೊದಲ ವಾಂತಿದು ಹೇಳ್ತೀನಿ, ಯಾಕಂದ್ರ ಅದರ ಸಲುವಾಗಿ ಹನ್ನೆರಡು ಲಕ್ಷ ಖರ್ಚು ಮಾಡೂದು ಬ್ಯಾಡ. ಮೂರನೇ ಸಾಲು ಯಾವ ಗಾಡಿಯೊಳಗರ ಹಿಂದಿನ ಗಾಲಿ ಮ್ಯಾಲ ಬರತೈತಿ, ತಿರುವಿನ್ಯಾಗ ಗಾಡಿಯ ಹಿಂಭಾಗ ಜಾಸ್ತಿ ಓಲಾಡತೈತಿ, ಮುಂದಿನ ರಸ್ತಾನೂ ಅಲ್ಲಿಂದ ಕಾಣಂಗಿಲ್ಲ. ಕಣ್ಣಿಗೆ ಕಾಣೂದೊಂದು, ಮೈಗೆ ಆಗೂದೊಂದು, ಅದಕ್ಕ ಹೊಟ್ಟಿ ತೊಳಸತೈತಿ. ಎರ್ಟಿಗಾದ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ 2740 ಮಿಲಿಮೀಟರ್, ಕ್ಲಾವಿಸ್‌ದು 2780. ಫರಕು ಬರೇ ನಾಕು ಸೆಂಟಿಮೀಟರ್. ಕ್ಲಾವಿಸ್‌ನ್ಯಾಗ ಬಟನ್ ಒತ್ತಿದ್ರ ನಡುವಿನ ಸೀಟು ಮಡಚಿ ಮುಂದ ಬೀಳತೈತಿ, ಹತ್ತಿ ಇಳಿಯೂದು ಹಗೂರ ಆಗತೈತಿ, ಅದು ಖರೇನ ಚಲೋ ಸೌಲತ್ತು. ಆದ್ರ ಅರಬೈಲ್ ಘಾಟಿನ್ಯಾಗ ನಿಮಗ ಅಲ್ಲೂ ಹೊಟ್ಟಿ ತೊಳಸೂದ. ಮುಂದಿನ ಸಲ ಯಲ್ಲಾಪುರ ದಾಟಿದ ಮ್ಯಾಲ ಗಾಡಿ ನಿಲ್ಲಿಸಿ, ಮಗಳನ್ನ ಹಿಂದ ಕಳಸಿ ನೀವು ನಡುವಿನ ಸೀಟಿಗೆ ಬರ್ರಿ, ದೂರದ ರಸ್ತಾ ನೋಡಕೋತ ಕುಂಡ್ರರಿ. ಹತ್ತನೇತ್ತೆ ಹುಡುಗಿ ಒಂದು ತಾಸು ಹಿಂದ ಕುಂತ್ರ ಏನೂ ಆಗಂಗಿಲ್ಲ. ಏಳು ವರ್ಷದಿಂದ ಆ ಸೀಟು ನಿಮ್ಮ ಪಾಲಿಗೇ ಬಂದೈತಿ, ಇದು ಮನ್ಯಾಗ ಕುಂತು ಒಂದು ಸಲ ಮಾತಾಡಬೇಕಾದ ವಿಷಯ.

ಸಾಮಾನಿಂದೂ ಹಂಗ. ಮೂರೂ ಸಾಲು ಮಂದಿ ಕುಂತಾಗ ಎರ್ಟಿಗಾದ ಡಿಕ್ಕಿ 209 ಲೀಟರ್, ಕ್ಲಾವಿಸ್‌ದು 216. ಏಳು ಲೀಟರ್ ಅಂದ್ರ ಒಂದು ನೀರಿನ ಕ್ಯಾನಿಗೂ ಕಡಿಮಿ. ಈಗ ಮ್ಯಾಲ ಕ್ಯಾರಿಯರಿಗೆ ಬ್ಯಾಗ್ ಕಟ್ಟತಿದ್ರ ಆಮ್ಯಾಲೂ ಕಟ್ಟೂದ.

ಇ20 ಮಾತಿಗೆ ಬರೂಣು. 2023ರ ಏಪ್ರಿಲ್‌ನಿಂದ ಈಚೆ ತಯಾರಾದ ಗಾಡಿಗಳು ಇ20ಗೆ ಹೊಂದೂವಂಥಾವು, ನಿಮ್ಮದು 2019ರದು, ಹಂಗಾಗಿ ಮೈಲೇಜ್ ಸ್ವಲ್ಪ ಇಳಿಯೂದು ಖರೆ. ತಿಂಗಳಿಗೆ 900 ಕಿಲೋಮೀಟರ್ ಓಡಸತೀರಿ, ಲೀಟರಿಗೆ 15 ಬರತೈತಿ ಅಂತ ಹಿಡದ್ರ 60 ಲೀಟರ್ ಆತು. ಅದರಾಗ ನೂರಕ್ಕ ಆರು ಹೋತು ಅಂದ್ರೂ ನಾಕು ಲೀಟರ್ ಒಳಗ, ಅಂದ್ರ ತಿಂಗಳಿಗೆ ನಾಕುನೂರು ರೂಪಾಯಿ. ಸರ್ವಿಸಿಗೆ ಬಿಟ್ಟಾಗ ಪೆಟ್ರೋಲ್ ಪೈಪು, ರಬ್ಬರ್ ಸೀಲು ನೋಡ್ರಿ ಅಂತ ಬಾಯಿ ಬಿಟ್ಟು ಹೇಳ್ರಿ, ಬಿರುಕು ಕಂಡ್ರ ಬದಲಿ ಮಾಡಸ್ರಿ. ಇ20ಗೆ ಅಂಜಿ ಗಾಡಿ ಮಾರೂದು ಬ್ಯಾಡ.

ಈಗ ರೊಕ್ಕದ ಲೆಕ್ಕ, ಇಲ್ಲಿ ಸ್ವಲ್ಪ ನಿಧಾನಕ್ಕ ಓದ್ರಿ. 15 ಲಕ್ಷದ ಗಾಡಿ 18 ಲಕ್ಷ 40 ಸಾವಿರ ಹೆಂಗ ಆತು? ನಮ್ಮ ಕರ್ನಾಟಕದಾಗ 10ರಿಂದ 20 ಲಕ್ಷದ ನಡುವಿನ ಪೆಟ್ರೋಲ್ ಡೀಸೆಲ್ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ ನೂರಕ್ಕ 17, ಅದರ ಮ್ಯಾಲ ಸೆಸ್. ಅಂದ್ರ ಬರೇ ಟ್ಯಾಕ್ಸ್ ಎರಡೂವರಿ ಲಕ್ಷದ ಮ್ಯಾಲ. ಈ ರೊಕ್ಕ ಮುಂದ ಗಾಡಿ ಮಾರೂ ಮುಂದ ನಿಮ್ಮ ಕೈಗೆ ತಿರುಗಿ ಬರಂಗಿಲ್ಲ. ಎರ್ಟಿಗಾಕ್ಕ ಈ ಟ್ಯಾಕ್ಸ್ ನೀವು 2019ರಾಗ ಕಟ್ಟಿ ಕುಂತೀರಿ, ಆ ಗಾಡಿ ಇನ್ನೂ ಓಡಿಸಿದಷ್ಟೂ ಅದು ದುಡದಂಗ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳದೈತಿ ಅಂತ ಎಲ್ಲಾರೂ ಹೇಳತಾರ, ಇಳದದ್ದು ಖರೆ, ಆದ್ರ 18 ಪರ್ಸೆಂಟಿಗೆ ಬಂದದ್ದು ನಾಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಸಣ್ಣ ಗಾಡಿಗೋಳು ಮತ್ತ ನಾಕು ಮೀಟರ್ ಒಳಗ 1500 ಸಿಸಿ ತನಕದ ಡೀಸೆಲ್ ಗಾಡಿಗೋಳು. ಕ್ಲಾವಿಸ್ ಉದ್ದ ಅದಕ್ಕಿಂತ ಜಾಸ್ತಿ, ಅದು 40ರ ಸಾಲಿನ್ಯಾಗ ಬರತೈತಿ.

10 ಲಕ್ಷ ಲೋನು 9 ಪರ್ಸೆಂಟಿಗೆ ಐದು ವರ್ಷ ತಗೊಂಡ್ರ ತಿಂಗಳ ಕಂತು 20,758 ರೂಪಾಯಿ. ಏಳು ವರ್ಷ ಮಾಡಿದ್ರ 16,089 ಆಗತೈತಿ, ಕೇಳಾಕ ಹಗೂರ ಅನಸತೈತಿ, ಆದ್ರ ಐದು ವರ್ಷದಾಗ ಬಡ್ಡಿ ಸುಮಾರು ಎರಡೂವರಿ ಲಕ್ಷ, ಏಳು ವರ್ಷದಾಗ ಮೂರೂವರಿ ಲಕ್ಷ. ಒಂದು ಲಕ್ಷ ಪೂರ್ತಿ ಬಡ್ಡಿಗೇ ಹೋತು. ನಿಮ್ಮದು ದಲಾಲಿ ಅಂಗಡಿ ಅಂತೀರಿ, ಹೆಸರು ಬಂದಾಗ, ಶೇಂಗಾ ಬಂದಾಗ, ಉಳ್ಳಾಗಡ್ಡಿ ಬಂದಾಗ, ಮೆಣಸಿನಕಾಯಿ ಬಂದಾಗ ಕೈಯಾಗ ರೊಕ್ಕ ಆಡತೈತಿ, ಬ್ಯಾಸಿಗಿ ಮುಗದು ಮುಂಗಾರು ಪೀಕು ಬರೂ ತನಕ ಮಾರ್ಕೆಟ್ ಖಾಲಿ. ಬ್ಯಾಂಕಿನ ಕಂತು ಮಾತ್ರ ಜೂನ್ ಜುಲೈದಾಗೂ ಅದೇ ತಾರೀಖಿಗೆ ಬಂದು ನಿಂದ್ರತೈತಿ. ರೈತರಿಗೆ ಮುಂಗಡ ಕೊಡೂ ಟೈಮಿನ್ಯಾಗ ಇಪ್ಪತ್ತು ಸಾವಿರ ತಿಂಗಳಾ ಕಾರಿಗೆ ಹೋದ್ರ ಅಂಗಡಿ ಹೆಂಗ ನಡೀತೈತಿ ಅಂತ ನಿಮ್ಮನಿಯವ್ರನ್ನ ಕುಂಡ್ರಿಸಿ ಕೇಳ್ರಿ, ಸಿಟ್ಟಿಗೆ ಬರಲಾರದಂಗ. ತಗೊಳ್ಳೂದ ಆದ್ರ ಸೀಸನ್ನಿನ್ಯಾಗ ಒಮ್ಮೆಲೇ ರೊಕ್ಕ ಕಟ್ಟಿದ್ರ ಚಾರ್ಜ್ ಎಷ್ಟು ಅಂತ ಸಹಿ ಹಾಕೂ ಮೊದಲ ಬರವಣಿಗಿಯೊಳಗ ತಗೋರಿ.

ಇನ್ನೊಂದು ನಿಮ್ಮ ಪತ್ರದಾಗ ಐತಿ, ನೀವು ಗಮನಿಸಿರೋ ಇಲ್ಲೋ. ಮಗಳು ಹತ್ತನೇತ್ತೆ. ಮುಂದಿನ ವರ್ಷ ಪಿಯುಸಿಗೆ ಧಾರವಾಡಕ್ಕೋ ಹುಬ್ಬಳ್ಳಿಗೋ ಹಾಸ್ಟೆಲಿಗೆ ಹೋದ್ಲು ಅಂದ್ರ ಮನ್ಯಾಗ ಐದ ಮಂದಿ. ಕಾರು ಅನ್ನೂದು ಏಳೆಂಟು ವರ್ಷದ ಸಾಮಾನು, ಇವತ್ತಿನ ಮಂದಿ ಎಣಿಸಿ ತಗೋಬಾರದು. ಎರಡು ವರ್ಷ ಬಿಟ್ಟು ನೋಡಿದ್ರ ನಿಮಗ ಮೂರು ಸಾಲಿನ ಗಾಡಿನ ಬ್ಯಾಡ ಅನಸಬಹುದು, ಅತ್ತಿಯವರಿಗೆ ಹತ್ತಾಕ ಇಳಿಯಾಕ ಚಲೋ ಆಗೂ ಐದು ಸೀಟಿನ ಗಾಡಿ ಸಾಕಾಗಬಹುದು.

ಅತ್ತಿಯವರ ಮೊಣಕಾಲಿನ ಮಾತಿಗೆ ನನ್ನ ಮನಿದು ಹೇಳ್ತೀನಿ. ನಾನು ಹಿಂದೊಮ್ಮೆ ಒಂದು ಎತ್ತರದ ಗಾಡಿ, ಅದು ಮಾರ್ಕೆಟಿಗೆ ಬಂದ ಎರಡು ತಿಂಗಳಿಗೇ ತಗೊಂಡೆ. ಟೆಸ್ಟ್ ಡ್ರೈವ್ ಒಬ್ಬನ ಮಾಡಿದೆ, ಗೋಕುಲ ರೋಡಿನ್ಯಾಗ ಹತ್ತು ನಿಮಿಷ. ಮನಿಗೆ ಬಂದು ಪೂಜಿ ಮಾಡಿ, ಲಿಂಬಿಹಣ್ಣು ಹಾಯಿಸಿ, ಅವ್ವನ್ನ ಹತ್ತು ಅಂದ್ರ ಆಕಿಗೆ ಕಾಲು ಎತ್ತಾಕ ಆಗಲಿಲ್ಲ. ಒಂದು ಕೈ ಬಾಗಲಿಗೆ, ಒಂದು ಕೈ ನನ್ನ ಹೆಗಲಿಗೆ, ಸೀರಿ ನಿರಿಗಿ ಬಾಗಲದ ಕೆಳಗ ಸಿಕ್ಕು, ಕಡೀಕ ಒಳಗ ಹೋಗಿ ಅಡಗಿಮನಿ ಮಣಿ ತಂದು ಇಟ್ಟೆ, ಅದರ ಮ್ಯಾಲ ಕಾಲಿಟ್ಟು ಹತ್ತಿದಳು. ಆ ಮಣಿ ನಾಕು ವರ್ಷ ಡಿಕ್ಕಿಯೊಳಗ ಇತ್ತು. ಆಕಿ ಒಂದು ದಿನಾನೂ ಏನೂ ಅನ್ನಲಿಲ್ಲ, ಆದ್ರ ಬರಬರತಾ "ನೀವು ಹೋಗಿ ಬರ್ರಿ, ನಾ ಮನ್ಯಾಗ ಇರತೀನಿ" ಅನ್ನಾಕ ಹತ್ತಿದಳು. ಅದು ನನಗ ಇನ್ನೂ ಮನಸಿನ್ಯಾಗ ಚುಚ್ಚತೈತಿ. ಅದಕ್ಕ ಕೇಳಿದವ್ರಿಗೆಲ್ಲಾ ಹೇಳ್ತೀನಿ, ಗಾಡಿ ಮನಿ ಮುಂದ ತರಸ್ರಿ, ಆರೂ ಮಂದಿ ಕುಂಡ್ರರಿ, ಅತ್ತಿಯವರು ಮೂರು ಸಲ ಹತ್ತಿ ಇಳೀಲಿ, ನೀವು ಮೂರನೇ ಸಾಲಿನ್ಯಾಗ ಕುಂತು ಮುಳಗುಂದ ರಸ್ತಾಕ್ಕ ಅರ್ಧಾ ತಾಸು ಹೋಗಿ ಬರ್ರಿ, ಮಧ್ಯಾಹ್ನದ ಬಿಸಿಲಿನ್ಯಾಗ, ಏಸಿ ಹಿಂದ ಮುಟ್ಟತೈತೋ ಇಲ್ಲೋ ಗೊತ್ತಾಗಲಿ.

ಹಂಗಂತ ಹೊಸಾ ಗಾಡಿಯೊಳಗ ಏನೂ ಇಲ್ಲ ಅನ್ನಂಗಿಲ್ಲ ನಾನು. ಕ್ಲಾವಿಸ್ 2025ರ ಮೇದಾಗ ಬಂದದ್ದು, ಆದ್ರ ಬುಡ 2022ರ ಕ್ಯಾರೆನ್ಸ್‌ದ, ಹಂಗಾಗಿ ಪೂರಾ ಕಚ್ಚಾ ಮಾಡೆಲ್ ಅಲ್ಲ. ಅದರಾಗ ಆರು ಏರ್‌ಬ್ಯಾಗ್ ಅದಾವ, ನಾಕೂ ಗಾಲಿಗೆ ಡಿಸ್ಕ್ ಬ್ರೇಕ್ ಐತಿ, ಗಾಡಿ ಜಾರೂ ಮುಂದ ಹಿಡದು ನಿಂದ್ರಿಸೂ ಇಎಸ್‌ಸಿ ಐತಿ. ನಿಮ್ಮ 2019ರ ಗಾಡಿಗೆ ಏರ್‌ಬ್ಯಾಗ್ ಮುಂದ ಎರಡ. ಬದಲಿ ಮಾಡೂದಕ್ಕ ನನಗ ಗಟ್ಟಿ ಕಾರಣ ಅನಸೂದು ಇದೊಂದ. ಸನ್‌ರೂಫು, ದೊಡ್ಡ ಸ್ಕ್ರೀನು ಇವಕ್ಕೆಲ್ಲಾ ರೊಕ್ಕ ಹಾಕಬ್ಯಾಡ್ರಿ, ಗದಗಿನ ಏಪ್ರಿಲ್ ಬಿಸಿಲಿಗೆ ಸನ್‌ರೂಫ್ ಪರದಾ ಮುಚ್ಚೇ ಇಡೂದು, ಹುಡುಗೂರು ಅದರಾಗಿಂದ ತಲಿ ಹೊರಗ ಹಾಕಿ ನಿಂದ್ರೂದು ನೋಡಿದ್ರ ನನಗ ಎದಿ ಝಲ್ ಅಂತೈತಿ. ತಾನ ಬ್ರೇಕ್ ಹಿಡಿಯೂ ಎಡಾಸ್ ಹೈವೇದಾಗ ಚಲೋ, ಆದ್ರ ಚಕ್ಕಡಿ, ಕುರಿ ಹಿಂಡು, ರಸ್ತಾಮ್ಯಾಲ ಒಣಗಾಕ ಹಾಕಿದ ಜ್ವಾಳಾ ಇರೂ ನಮ್ಮ ಹಳ್ಳಿ ರಸ್ತಾಕ್ಕ ನಿಮ್ಮನಿಯವ್ರ ಕಣ್ಣ ಗತಿ.

ನನ್ನ ಮಾತು ಕೇಳೂದಾದ್ರ ಎರ್ಟಿಗಾ ಇನ್ನೆರಡು ವರ್ಷ ಇಟ್ಟಕೋರಿ. ಟೈರು ಹಳೇವು ಆಗಿದ್ರ ನಾಕೂ ಬದಲಿ ಮಾಡಸ್ರಿ, ಸಸ್ಪೆನ್ಷನ್ ಬುಷ್ ನೋಡಸ್ರಿ, ನಮ್ಮ ಎರಿ ಮಣ್ಣಿನ ಧೂಳಿಗೆ ಏರ್ ಫಿಲ್ಟರ್ ಜಲ್ದಿ ತುಂಬತೈತಿ, ಅದನ್ನ ಹೇಳಿದ ಟೈಮಿಗಿಂತ ಮೊದಲ ತೆಗಿಸಿ ನೋಡ್ರಿ. ಹಿಂದಿನ ಸೀಟಿನವ್ರೂ ಬೆಲ್ಟ್ ಹಾಕೂದು ಇವತ್ತಿಂದ ರೂಢಿ ಮಾಡ್ರಿ, ಅದಕ್ಕ ಒಂದು ರೂಪಾಯಿ ಖರ್ಚಿಲ್ಲ. ಕಂತಿಗೆ ಅಂತ ಇಟ್ಟ ರೊಕ್ಕ ಸೀಸನ್ ಬಂದಾಗೆಲ್ಲಾ ಬ್ಯಾಂಕಿನ್ಯಾಗ ಹಾಕ್ರಿ, ಎರಡು ವರ್ಷಕ್ಕ ಸಾಲ ಅರ್ಧಾ ಆಗತೈತಿ. ಮನಿ ಮುಂದ ತರಿಸಿ ನೋಡಿದ ಮ್ಯಾಲೂ ಅತ್ತಿಯವರಿಗೆ ಹೊಸಾದ ಅರಾಮ್ ಅನಸಿತು, ನಿಮಗೂ ಹಿಂದ ಅರಾಮ್ ಅನಸಿತು, ರೊಕ್ಕಾನೂ ಕೈಯಾಗ ಐತಿ ಅಂದ್ರ ಆ ಮಾತು ಬ್ಯಾರೆ, ತಗೋರಿ.

ಪ್ರಶ್ನೆ: ಸರ್, ನಾನು ಬ್ಯಾಡಗಿಯವ. ಶೋರೂಮಿನವ್ರು ಹಳೇ ಕಾರಿಗೆ ಕಡಿಮಿ ಹೇಳಾಕತ್ತಾರ, ಪರಿಚಯದವ್ರೊಬ್ಬರು 50 ಸಾವಿರ ಜಾಸ್ತಿ ಕೊಡ್ತೀನಿ, ಆರ್‌ಸಿ ಆಮ್ಯಾಲ ಮಾಡಸೂಣು ಅಂತಾರ. ಕೊಡ್ಲೇನ್ರಿ?

ಉತ್ತರ: ಮಾರ್ರಿ, ಆದ್ರ "ಆಮ್ಯಾಲ" ಅನ್ನೂ ಮಾತಿಗೆ ಒಪ್ಪಬ್ಯಾಡ್ರಿ ತಮ್ಮಾ. ಆರ್‌ಸಿ ನಿಮ್ಮ ಹೆಸರಿನ್ಯಾಗ ಇರೂ ತನಕ ಗಾಡಿ ನಿಮ್ಮದ. ಗಾಡಿಯಿಂದ ಅಪಘಾತ ಆದ್ರ, ಆರ್‌ಟಿಓ ದಾಖಲೆಯೊಳಗ ಯಾರ ಹೆಸರು ಐತೋ ಪರಿಹಾರದ ಹೊಣಿ ಅವ್ರದ ಅಂತ 2018ರಾಗ ಸುಪ್ರೀಂ ಕೋರ್ಟ್ ಹೇಳಿಬಿಟ್ಟೈತಿ, ಗಾಡಿ ನಾಕು ಕೈ ದಾಟಿ ಹೋಗಿದ್ರೂ. ಮಾಲಕರ ಹೆಸರು ಬದಲಿ ಮಾಡೂ ಫಾರ್ಮ್ 29, ಫಾರ್ಮ್ 30 ಎರಡಕ್ಕೂ ಸಹಿ ಮಾಡಿ, ಲೋನ್ ಇದ್ದದ್ದ ಆದ್ರ ಫಾರ್ಮ್ 35 ಹಾಕಿ ಬ್ಯಾಂಕಿನ ಹೆಸರು ತೆಗಿಸಿ, ನಿಮ್ಮ ಆರ್‌ಟಿಓದಾಗ ಅರ್ಜಿ ಬಿದ್ದ ರಸೀದಿ ಕೈಗೆ ಬಂದ ಮ್ಯಾಲ ಚಾವಿ ಕೊಡ್ರಿ. ಪರಿಚಯದವ್ರು ಅಂದ್ರ ಇದನ್ನ ಕೇಳಾಕ ಸಂಕೋಚ ಆಗತೈತಿ, ಆದ್ರೂ ಕೇಳ್ರಿ.

ಪ್ರಶ್ನೆ: ಧಾರವಾಡ ಸಪ್ತಾಪುರದಿಂದ. ನಿವೃತ್ತ ಮಾಸ್ತರ ನಾನು. ಐದು ವರ್ಷ ಒಂದೂ ಕ್ಲೇಮ್ ಮಾಡಿಲ್ಲ. ಹೊಸ ಕಾರು ತಗೊಂಡ್ರ ಆ ಬೋನಸ್ ಹೋಗತದೇನು?

ಉತ್ತರ: ಹೋಗಂಗಿಲ್ಲ ಮಾಸ್ತರ. ನೋ ಕ್ಲೇಮ್ ಬೋನಸ್ (ಎನ್‌ಸಿಬಿ) ಗಾಡಿಗೆ ಅಲ್ಲ, ಮಾಲಕರಿಗೆ ಸೇರಿದ್ದು. ಐದು ವರ್ಷಕ್ಕ 50 ಪರ್ಸೆಂಟ್ ಆಗಿರತೈತಿ, ಹೊಸಾ ಗಾಡಿಯ ಓನ್ ಡ್ಯಾಮೇಜ್ (ನಮ್ಮ ಗಾಡಿಗೇ ಆಗೂ ಹಾನಿದು) ಪ್ರೀಮಿಯಮ್ಮಿನ್ಯಾಗ ಅಷ್ಟು ಕಡಿಮಿ ಮಾಡಬೇಕು. ಹಳೇದು ಮಾರಿದ ಮ್ಯಾಲ ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಪತ್ರ ಕೇಳಿ ತಗೋರಿ, ಮೂರು ವರ್ಷ ನಡೀತೈತಿ. ಶೋರೂಮಿನ್ಯಾಗ ಕೊಟೇಶನ್ ಮಾಡೂ ಮುಂದ ಬಹಳ ಸಲ ಇದನ್ನ ಹಾಕಿರಂಗಿಲ್ಲ, ಬಿಲ್ಲಿನ ಇನ್ಶೂರೆನ್ಸ್ ಸಾಲಿಗೆ ಬೆರಳಿಟ್ಟು ಕೇಳ್ರಿ.