ಟಿಕೆಟಲ್ಲಿ ಸಮಯವೇ ಇಲ್ಲ, ವಿಮಾನ ಬುಕ್ ಮಾಡಲಾ?

ಅಕ್ಟೋಬರ್ ಶನಿವಾರ ಆನ್ ಆರ್ಬರ್‌ನಲ್ಲಿ ನಡೆಯುವ ಮಿಶಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಮ್ಯಾಚಿಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ, ಅದೇ ರಾತ್ರಿ ಡೆಟ್ರಾಯ್ಟ್‌ನಿಂದ ವಿಮಾನ ಹತ್ತಿಸಬಹುದಾ ಅಂತ ಕೇಳಿದ್ದೀರಿ. ಬೇಡ. ಭಾನುವಾರಕ್ಕೇ ಬುಕ್ ಮಾಡಿ.

ಟಿಕೆಟಿನಲ್ಲಿ ಸಮಯ ಇಲ್ಲದಿರುವುದು ಮಾಮೂಲು. ಅದನ್ನು ಗೊತ್ತುಮಾಡುವವರು ಟಿವಿ ಚಾನೆಲ್‌ನವರು. ಎಷ್ಟೋ ಸಲ 12 ದಿನ ಇರುವಾಗ ಹೇಳುತ್ತಾರೆ, ಕೆಲವೊಮ್ಮೆ ಬರೀ 6 ದಿನ ಇರುವಾಗ. ಸಾಮಾನ್ಯವಾಗಿ ಆಟ ಶುರುವಾಗುವುದು ಮಧ್ಯಾಹ್ನ 12, ಇಲ್ಲಾ ಮೂರೂವರೆ, ಇಲ್ಲಾ ರಾತ್ರಿ ಏಳೂವರೆ. ಆಟ ಸುಮಾರು ಮೂರೂವರೆ ಗಂಟೆ ಎಳೆಯುತ್ತದೆ. ಆಮೇಲೆ ಲಕ್ಷಕ್ಕೂ ಜಾಸ್ತಿ ಜನ ಒಟ್ಟಿಗೆ ಹೊರಗೆ ಬರುತ್ತಾರೆ, ಕಾರು ಜಾಗ ಬಿಟ್ಟು ಕದಲುವುದಿಲ್ಲ.

12ರ ಆಟವಾದರೆ ಬೆಳಿಗ್ಗೆ ಐದಕ್ಕೇ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಬೇಕು. ಆಟಕ್ಕೆ ಮುಂಚೆ ಅಲ್ಲೇ ಅಡುಗೆ ಮಾಡಿ ತಿನ್ನುವುದು ರೂಢಿ; ಎಂಟಕ್ಕೆಲ್ಲ ಸ್ಟೇಡಿಯಂ ಎದುರಿನ ಪಯೊನಿಯರ್ ಹೈಸ್ಕೂಲ್ ಮೈದಾನದಲ್ಲಿ ಕಾರಿನ ಡಿಕ್ಕಿ ತೆಗೆದು ಜನ ಗ್ರಿಲ್ ಹಚ್ಚಿರುತ್ತಾರೆ. ವಯಸ್ಸಾದವರಿಗೆ ಇದೇ ಒಳ್ಳೆಯದು, ಸಂಜೆ ಮನೆ ಸೇರಬಹುದು.

ರಾತ್ರಿ ಆಟಕ್ಕೆ ಕಳೆ ಜಾಸ್ತಿ, ಚಳಿಯೂ ಜಾಸ್ತಿ. ನಮ್ಮತ್ತೆ ಒಮ್ಮೆ ಸೀರೆ ಮೇಲೆ ಎರಡು ಸ್ವೆಟರ್ ಹಾಕಿಕೊಂಡು ಕೂತಿದ್ದರು. ಕೂರುವುದು ತಣ್ಣನೆ ಅಲ್ಯೂಮಿನಿಯಂ ಬೆಂಚು, ಅಲ್ವಾ? ಅರ್ಧಕ್ಕೇ ಎದ್ದು ಬಂದೆವು. ಏಳೂವರೆ ಅಂತ ಗೊತ್ತಾದರೆ ದಪ್ಪ ಕಂಬಳಿ ಮರೆಯಬೇಡಿ.